ಹಳಿ ಅಗಲ ಮಾಡಿದ ಜಾಫರ್ ಷರೀಫ್

ನಮ್ಮ ಶಿವಾಜಿನಗರದ ಪಕ್ಕದ ದಂಡು ಸ್ಟೇಷನ್ನಿಗೆ ಮದರಾಸು ಕಡೆಯಿಂದ ಬ್ರಾಡ್‌ಗೇಜ್ ರೈಲು ಬಂದದ್ದು 1864ರಲ್ಲಿ. ಆದರೆ ಮೈಸೂರು, ಹುಬ್ಬಳ್ಳಿ ಕಡೆಗೆ ಇದ್ದದ್ದು ಮೀಟರ್‌ಗೇಜ್. ಚಿಕ್ಕಂದಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಸಿಟಿ ಸ್ಟೇಷನ್ನಿನಲ್ಲಿ ಇಳಿದು, ಅಜ್ಜಿಯ ಟ್ರಂಕು ಹೊತ್ತು, ಇನ್ನೊಂದು ಗಾಡಿ ಹತ್ತುತ್ತಿದ್ದದ್ದು ನನಗಿನ್ನೂ ನೆನಪಿದೆ. ಸರಕನ್ನೂ ಹಾಗೇ ಇಳಿಸಿ ಏರಿಸಬೇಕಿತ್ತು.

ಈ ತಾಪತ್ರಯ ತಪ್ಪಿಸಿದ್ದು ಸಿ.ಕೆ. ಜಾಫರ್ ಷರೀಫ್. 1933ರಲ್ಲಿ ಚಳ್ಳಕೆರೆಯಲ್ಲಿ ಹುಟ್ಟಿದವರು. ನಿಜಲಿಂಗಪ್ಪನವರ ಒಡನಾಟದಲ್ಲಿ ಬೆಳೆದರೂ, 1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ಪಾಳಯ ಸೇರಿದರು. 1971ರಲ್ಲಿ ಕನಕಪುರದಿಂದ ಲೋಕಸಭೆಗೆ ಹೋದರು, ಆಮೇಲೆ ಬೆಂಗಳೂರು ಉತ್ತರದಿಂದ ಮತ್ತೆ ಮತ್ತೆ ಗೆದ್ದರು. 1991ರಿಂದ 1995ರವರೆಗೆ ರೈಲ್ವೆ ಮಂತ್ರಿ. 1992ರಲ್ಲಿ ಯುನಿಗೇಜ್ ಯೋಜನೆ ಶುರುವಾಯಿತು. ಇದೇ ದುಡ್ಡಲ್ಲಿ ಹೊಸ ಮಾರ್ಗ ಹಾಕಬಹುದಿತ್ತು ಅಂದವರೂ ಇದ್ದರು. ಷರೀಫರು ಕೇಳಲಿಲ್ಲ. ಮೈಸೂರು, ಹುಬ್ಬಳ್ಳಿಯ ಹಳಿಗಳು ಅಗಲವಾದವು.

ಅದೇ ಬೆಂಗಳೂರು ಉತ್ತರ 2004ರಲ್ಲಿ ಅವರನ್ನು ಸೋಲಿಸಿತು. ಗೆದ್ದದ್ದು ಪೊಲೀಸ್ ಅಧಿಕಾರಿಯಾಗಿದ್ದ ಸಾಂಗ್ಲಿಯಾನಾ. 2018ರ ನವೆಂಬರ್ 25ರಂದು ಷರೀಫರು ತೀರಿಕೊಂಡರು.

ಈಗ ಹುಬ್ಬಳ್ಳಿ ಗಾಡಿಯಲ್ಲಿ ಹಾಯಾಗಿ ಮಲಗಿ ಹೋಗುವವರಿಗೆ ಗೇಜ್ ಅಂದರೇನೆಂದೇ ಗೊತ್ತಿರಲಿಕ್ಕಿಲ್ಲ. ಕಷ್ಟ ಮರೆತ ಮೇಲೆ ಅದನ್ನು ತಪ್ಪಿಸಿದವರ ಹೆಸರು ಯಾರಿಗೆ ನೆನಪಿರುತ್ತೆ ಹೇಳಿ? ನಿಮ್ಮ ಮನೆ ಹಿರಿಯರನ್ನು ಒಮ್ಮೆ ಕೇಳಿ ನೋಡಿ..