ದವಾಖಾನೆಯ ದಾರಿ

ಕಮಲಾಪುರವೆಂದೊಡನೆ ನಮ್ಮ ಭಾಗದವರಿಗೆ ಅಲ್ಲಿಯ ಕೆಂಪು ಬಾಳೆ ನೆನಪಾಗುತ್ತದೆ. ಹುಮನಾಬಾದ್ ರಸ್ತೆಯಲ್ಲಿ, ಕಲಬುರಗಿಯಿಂದ ಸುಮಾರು 35 ಕಿಲೋಮೀಟರು ದೂರದಲ್ಲಿರುವ ಊರು ಅದು. ಪೇಟೆಗೆ ಹೊರಟ ಬಾಳೆಗೊನೆಗೆ ಈ ದೂರ ದೊಡ್ಡದಲ್ಲ. ನಡುರಾತ್ರಿಯಲ್ಲಿ ಎದೆನೋವಿನಿಂದ ನರಳುವವನಿಗೆ ಅದೇ ಆಯುಸ್ಸಿನ ಅಳತೆಯಾಗಬಹುದು. ಆದುದರಿಂದ ತುರ್ತು ಚಿಕಿತ್ಸೆಯ ಇತಿಹಾಸವೆಂದರೆ ಕಟ್ಟಡಗಳ ಇತಿಹಾಸವಷ್ಟೇ ಅಲ್ಲ, ದಾರಿಗಳ ಇತಿಹಾಸವೂ ಹೌದು.

ಈ ಆಸರೆಯನ್ನು ಜನ ಎರಡು ಬಗೆಯಲ್ಲಿ ಕಳೆದುಕೊಳ್ಳುತ್ತಾರೆ. ಆಸ್ಪತ್ರೆಯ ಬಾಗಿಲು ಮುಚ್ಚುವುದು ಒಂದು. ಬಾಗಿಲು ತೆರೆದಿದ್ದರೂ ದಾರಿ ಮುಚ್ಚುವುದು ಇನ್ನೊಂದು. ಮೊದಲನೆಯದಕ್ಕೆ ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಪಟ್ಟಣ ನಿದರ್ಶನ. ಅಲ್ಲಿಯ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು 2000ದಲ್ಲಿ ಮುಚ್ಚಿದಾಗ ಜನ ಕೆರಳಿದರು. ಮರುವರ್ಷದ ಚುನಾವಣೆಯಲ್ಲಿ ಆಳುವ ಪಕ್ಷದ ಅಭ್ಯರ್ಥಿಯನ್ನು ಸೋಲಿಸಿ, ನಿವೃತ್ತ ವೈದ್ಯ ರಿಚರ್ಡ್ ಟೇಲರ್ ಅವರನ್ನು 17,630 ಮತಗಳ ಅಂತರದಿಂದ ಪಾರ್ಲಿಮೆಂಟಿಗೆ ಕಳುಹಿಸಿದರು. ಆದರೂ ಆ ವಿಭಾಗ ಮೊದಲಿನಂತೆ ಮರಳಲಿಲ್ಲ. ಒಮ್ಮೆ ಹೋದದ್ದನ್ನು ಮತಪೆಟ್ಟಿಗೆಯಿಂದಲೂ ಹಿಂದಕ್ಕೆ ತರುವುದು ಕಷ್ಟ.

ಎರಡನೆಯದು ನಮ್ಮ ಕಣ್ಣೆದುರೇ ನಡೆಯಿತು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಂಗಳೂರೇ ಅದರ ಜಿಲ್ಲಾಕೇಂದ್ರ. ಅಂದು ಅದು ಕೇರಳಕ್ಕೆ ಸೇರಿತು. ಕಚೇರಿಗಳು ಬದಲಾದವು, ರೋಗಿಗಳ ದಾರಿ ಬದಲಾಗಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಹರಡುವ ಭೀತಿಯಿಂದ ಕರ್ನಾಟಕವು ಆ ಗಡಿಯನ್ನು ಮುಚ್ಚಿತು, ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಹೊಸ್ತಿಲಿನಂತಿರುವ ತಲಪಾಡಿಯಿಂದ ಆಂಬುಲೆನ್ಸುಗಳು ಹಿಂದಿರುಗಿದವು. ಹಲವರು ಚಿಕಿತ್ಸೆ ದೊರೆಯದೆ ಅಸುನೀಗಿದರು. ಸೋಂಕಿನ ಭಯ ಹುಸಿಯಾಗಿರಲಿಲ್ಲ, ನಿಜ. ಆದರೆ ದಾರಿ ಮುಚ್ಚಿದವರು ನಾವು. ಆಚೆ ಉಳಿದವರಲ್ಲಿ ಕನ್ನಡ ನುಡಿಯುವವರೂ ಇದ್ದರು.

ವಿರೋಧವು ನ್ಯಾಯಾಲಯವನ್ನು ಮುಟ್ಟಿತು. ವಕೀಲರ ಸಂಘದ ಅರ್ಜಿಯ ಮೇಲೆ ಕೇರಳ ಹೈಕೋರ್ಟು ಏಪ್ರಿಲ್ 1ರಂದು, ರೋಗಿಗಳ ವಾಹನಗಳಿಗೆ ಹೆದ್ದಾರಿಯನ್ನು ತೆರವು ಮಾಡಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿವೆಯೆಂದು ತಿಳಿದು ಸುಪ್ರೀಂ ಕೋರ್ಟು 7ರಂದು ವ್ಯಾಜ್ಯವನ್ನು ಮುಗಿಸಿತು. ತುರ್ತು ಚಿಕಿತ್ಸೆಯನ್ನು ನಿರಾಕರಿಸುವುದು ಜೀವಿಸುವ ಹಕ್ಕಿನ ಭಂಗವೆಂದು ಅದೇ ನ್ಯಾಯಾಲಯ 1996ರಲ್ಲಿಯೇ ಸಾರಿತ್ತು.

ಕಲಬುರಗಿಯವರಿಗೆ ಇದು ಪರರ ಕಥೆಯಲ್ಲ. ಅದೇ 1956ರ ಅದೇ ದಿನ ನಾವು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದೆವು. ನಮ್ಮ ಹಿರಿಯರಿಗೆ ದೊಡ್ಡ ದವಾಖಾನೆಯೆಂದರೆ ಮೂಸಿ ನದಿಯ ದಂಡೆಯ ಉಸ್ಮಾನಿಯಾ. 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ತೆರೆಯಿತು. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. ಆದರೂ ಕಾಯಿಲೆ ಬಲಿತರೆ ಎಷ್ಟೋ ಮನೆಯವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಡುತ್ತಾರೆ. ದೇಶದಲ್ಲಿ ಕೋವಿಡ್‌ನಿಂದ ಸತ್ತ ಮೊದಲಿಗರು ನಮ್ಮ ಕಲಬುರಗಿಯ ವೃದ್ಧರು. ಹೈದರಾಬಾದಿಗೆ ಹೋಗಿ ಮರಳುವ ದಾರಿಯಲ್ಲಿಯೇ, 2020ರ ಮಾರ್ಚ್ 10ರಂದು, ಅವರ ಉಸಿರು ನಿಂತಿತು.

ಊರಿಗೊಂದು ಒಳ್ಳೆಯ ಆಸ್ಪತ್ರೆ ಬೇಕೆಂದು ಕೇಳುವುದು ನಮ್ಮ ಹಕ್ಕು. ಇನ್ನೊಬ್ಬರ ರೋಗಿಗೆ ನಮ್ಮ ದಾರಿಯನ್ನು ತೆರೆದಿಡುವುದು ಅದೇ ಹಕ್ಕಿನ ಮತ್ತೊಂದು ಮುಖ. ತಲಪಾಡಿಯ ಮಣ್ಣಿನ ಗುಡ್ಡೆಯನ್ನು ಮರೆತವರು, ನಾಳೆ ತಮ್ಮ ದಾರಿಗೆ ಅಂಥದೇ ಗುಡ್ಡೆ ಬಿದ್ದಾಗ ಯಾವ ಬಾಯಿಂದ ನ್ಯಾಯ ಕೇಳಿಯಾರು?