ಸುದ್ದಿಮನೆಯಿಂದ ಕಾರ್ಖಾನೆಗೆ: ಬಾಲ್ ಪೆನ್ನಿನ ಬಿರೊ

ಬ್ರಿಟನ್ನಿನಲ್ಲಿ ಬಾಲ್ ಪೆನ್ನನ್ನು ಇಂದಿಗೂ 'ಬಿರೊ' ಎನ್ನುತ್ತಾರೆ. ಅರ್ಜೆಂಟೀನಾದಲ್ಲಿ ಅದು 'ಬಿರೋಮೆ'. ಎರಡೂ ಹೆಸರುಗಳ ಹಿಂದಿರುವವರು ಹಂಗೇರಿಯ ಪತ್ರಕರ್ತ ಲಾಸ್ಲೊ ಬಿರೊ.

1899ರ ಸೆಪ್ಟೆಂಬರ್ 29ರಂದು ಬುಡಾಪೆಸ್ಟ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಬಿರೊ, ವೈದ್ಯಕೀಯ ವ್ಯಾಸಂಗವನ್ನು ಅರ್ಧಕ್ಕೇ ಕೈಬಿಟ್ಟು ಹಲವು ವೃತ್ತಿಗಳ ಬಳಿಕ ಪತ್ರಿಕೋದ್ಯಮಕ್ಕೆ ಬಂದರು. ಬರೆಯುವಾಗ ಮಸಿ ಸೋರಿ ಕಾಗದ ಹಾಳಾಗುವುದು ಅಂದಿನ ಫೌಂಟನ್ ಪೆನ್ನುಗಳ ಜಾಯಮಾನ. ಆದರೆ ಮುದ್ರಣಾಲಯದ ಮಸಿ ಕ್ಷಣದಲ್ಲಿ ಒಣಗುತ್ತಿತ್ತು. ಅದನ್ನೇ ಪೆನ್ನಿಗೆ ತುಂಬಿದರೆ? ತುಂಬಿ ನೋಡಿದರು, ಮಂದವಾದ ಮಸಿ ನಿಬ್ಬಿಗೆ ಇಳಿಯಲೇ ಇಲ್ಲ. ಆಗ ತುದಿಯಲ್ಲಿ ಉರುಳುವ ಪುಟ್ಟ ಗುಂಡನ್ನು ಕೂರಿಸುವ ಯೋಚನೆ ಬಂದಿತು. ಗುಂಡು ಹೊಸದೇನಲ್ಲ. ಚರ್ಮದ ಮೇಲೆ ಗುರುತು ಹಾಕಲೆಂದು ಅಮೆರಿಕದ ಜಾನ್ ಲೌಡ್ 1888ರಲ್ಲೇ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದರು. ಗುಂಡಿಗೆ ಒಪ್ಪುವ ಮಸಿ ಮಾತ್ರ ಯಾರಿಗೂ ದೊರೆತಿರಲಿಲ್ಲ. ತೆಳುವಾದರೆ ಸೋರಿಕೆ, ಮಂದವಾದರೆ ತಡೆ. ರಸಾಯನಶಾಸ್ತ್ರ ಬಲ್ಲ ಸಹೋದರ ಗ್ಯೋರ್ಗಿಯ ನೆರವಿನಿಂದ ಆ ಹದವನ್ನು ಸಾಧಿಸಿದ್ದೇ ಬಿರೊ ಅವರ ನಿಜವಾದ ಕೊಡುಗೆ.

1938ರಲ್ಲಿ ಪೇಟೆಂಟ್ ಕೈಸೇರಿತು. ಅದೇ ವರ್ಷ ಹಂಗೇರಿಯಲ್ಲಿ ಯಹೂದಿ ವಿರೋಧಿ ಕಾನೂನು ಜಾರಿಯಾಯಿತು. ಪ್ಯಾರಿಸ್‌ಗೆ ತೆರಳಿದ ಅವರು ಅಲ್ಲಿಂದ ಅರ್ಜೆಂಟೀನಾ ಸೇರಿದರು. ಸ್ನೇಹಿತ ಹುವಾನ್ ಹೋರ್ಹೆ ಮೇನೆ ಜತೆಗೂಡಿ ಉದ್ಯಮ ಆರಂಭಿಸಿ, 1943ರ ಜೂನ್ 10ರಂದು ಹೊಸ ಪೇಟೆಂಟ್ ಪಡೆದರು. ಬಿರೊ, ಮೇನೆ ಎರಡೂ ಸೇರಿ 'ಬಿರೋಮೆ' ಆಯಿತು. ವಾಯುಭಾರ ಕಡಿಮೆಯಿರುವ ಎತ್ತರದಲ್ಲೂ ಸೋರದ ಈ ಪೆನ್ನು ಯುದ್ಧಕಾಲದ ಬ್ರಿಟಿಷ್ ವಾಯುಪಡೆಗೆ ಒಪ್ಪಿಗೆಯಾಯಿತು.

ಲಾಭದ ಸಿಂಹಪಾಲು ಮಾತ್ರ ಪರರದಾಯಿತು. ಅಮೆರಿಕದ ಹಕ್ಕನ್ನು ಎವರ್‌ಷಾರ್ಪ್ ಮತ್ತು ಎಬರ್‌ಹಾರ್ಡ್ ಫೇಬರ್ ಕಂಪನಿಗಳು ಖರೀದಿಸಿದ್ದವು. ಅವು ಪೆನ್ನನ್ನು ಮಾರುಕಟ್ಟೆಗೆ ತರುವ ಮುನ್ನವೇ ಷಿಕಾಗೋದ ವ್ಯಾಪಾರಿ ಮಿಲ್ಟನ್ ರೆನಾಲ್ಡ್ಸ್, ಮಸಿ ಹರಿಯುವ ಕ್ರಮವನ್ನಷ್ಟೇ ಬದಲಿಸಿ ಪೇಟೆಂಟಿನಿಂದ ನುಣುಚಿಕೊಂಡರು! 1945ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಗಿಂಬೆಲ್ಸ್ ಮಳಿಗೆಯಲ್ಲಿ ತಲಾ 12.50 ಡಾಲರ್ ಬೆಲೆಯ ಅವರ ಪೆನ್ನಿಗೆ ಜನ ಮುಗಿಬಿದ್ದರು. ಮುಂದೆ ಬಿರೊ ಅವರಿಂದ ಹಕ್ಕು ಪಡೆದ ಫ್ರಾನ್ಸಿನ ಮಾರ್ಸೆಲ್ ಬಿಕ್, 1950ರ ಡಿಸೆಂಬರಿನಲ್ಲಿ ಅಗ್ಗದ 'ಬಿಕ್ ಕ್ರಿಸ್ಟಲ್' ಬಿಡುಗಡೆ ಮಾಡಿದರು. ಶ್ರೀಮಂತರ ಜೇಬಿನ ಪೆನ್ನು ಶಾಲಾ ಮಕ್ಕಳ ಕೈಗೆ ಬಂದುದು ಆಗಲೇ.

ಬಿರೊ ಅರ್ಜೆಂಟೀನಾದಲ್ಲೇ ನೆಲೆನಿಂತು ಸಂಶೋಧನೆ ಮುಂದುವರಿಸಿದರು. 1985ರ ಅಕ್ಟೋಬರ್ 24ರಂದು ಬ್ಯೂನಸ್ ಐರಿಸ್‌ನಲ್ಲಿ ನಿಧನರಾದರು. ಅವರ ಜನ್ಮದಿನವನ್ನು ಆ ದೇಶ ಸಂಶೋಧಕರ ದಿನವನ್ನಾಗಿ ಆಚರಿಸುತ್ತದೆ.