ಹಿಡಿದಿಟ್ಟುಕೊಳ್ಳುವ ಹಕ್ಕು ಯಾರದು?

ಟೇಪ್ ರೆಕಾರ್ಡರಿನ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿ ರೇಡಿಯೊದ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಕೊಂಡ ನೆನಪು ನಿಮಗಿದೆಯೇ? ಊರು ಬಿಟ್ಟು ಮುಂಬಯಿಗೋ ದೆಹಲಿಗೋ ಬಂದ ಎಷ್ಟೋ ಜನರ ಟ್ರಂಕಿನಲ್ಲಿ ಅಂಥ ಒಂದೆರಡು ಕ್ಯಾಸೆಟ್ ಇರುತ್ತಿದ್ದವು. ಟೀವಿಯನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ತಪ್ಪೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು.

1975ರಲ್ಲಿ ಸೋನಿ ಕಂಪನಿ ಬೀಟಾಮ್ಯಾಕ್ಸ್ ಎಂಬ ವಿಡಿಯೊ ರೆಕಾರ್ಡರ್ ತಂದಿತು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ದಾವೆ ಹೂಡಿದವು. 1984ರ ಜನವರಿಯಲ್ಲಿ ತೀರ್ಪು ಬಂತು: ಬಿಡುವಾದಾಗ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಪರ, ನಾಲ್ವರು ವಿರುದ್ಧ. ಒಂದೇ ಮತದ ಅಂತರ! ತಮಾಷೆಯೆಂದರೆ, ಆಮೇಲೆ ಅದೇ ಹಾಲಿವುಡ್ ವಿಡಿಯೊ ಕ್ಯಾಸೆಟ್ಟುಗಳಿಂದ ಕೈತುಂಬ ಗಳಿಸಿತು.

ಡಿಜಿಟಲ್ ಕಾಲ ಬಂದಾಗ ಹಳೆಯ ಭಯ ಮರುಕಳಿಸಿತು. ಕ್ಯಾಸೆಟ್ಟಿನ ನಕಲು ಮಸುಕಾಗುತ್ತಿತ್ತು. ಡಿಜಿಟಲ್ ನಕಲು ಮೂಲದಷ್ಟೇ ಚೊಕ್ಕ. ಹೀಗಾಗಿ 2003ರ ನವೆಂಬರಿನಲ್ಲಿ ಅಮೆರಿಕದ ಸಂವಹನ ಆಯೋಗವು, ಪ್ರಸಾರದ ಜೊತೆಗೇ ಒಂದು ಗುರುತು ಕಳಿಸಬಹುದು, ಅದನ್ನು ಕಂಡ ಟೀವಿ ಪೆಟ್ಟಿಗೆ ನಕಲು ಮನಬಂದಂತೆ ಹರಡದಂತೆ ತಡೆಯಬೇಕು ಎಂದು ನಿಯಮ ಮಾಡಿತು. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಲ್ಲಿ ಮುಂದೆ ನಿಂತವರು ಗ್ರಂಥಾಲಯಗಳವರು. 2005ರ ಜುಲೈನಲ್ಲಿ ಜಾರಿಯಾಗಬೇಕಿದ್ದ ನಿಯಮವನ್ನು ಮೇಲ್ಮನವಿ ನ್ಯಾಯಾಲಯ ಮೇ ತಿಂಗಳಲ್ಲೇ ರದ್ದು ಮಾಡಿತು.

ಅದೇ ಮೇ ತಿಂಗಳಲ್ಲಿ ದಕ್ಷಿಣ ಕೊರಿಯದಲ್ಲಿ ಮೊಬೈಲಿಗೆ ಉಪಗ್ರಹದ ಮೂಲಕ ಟೀವಿ ಬಂತು, ತಿಂಗಳ ಚಂದಾ ಕಟ್ಟಿದವರಿಗೆ ಮಾತ್ರ. ಡಿಸೆಂಬರಿನಲ್ಲಿ ನೆಲದ ಗೋಪುರಗಳಿಂದ ಪುಕ್ಕಟೆ ಮೊಬೈಲ್ ಟೀವಿಯೂ ಶುರುವಾಯಿತು. ಚಂದಾದ ಸೇವೆ 2012ರಲ್ಲಿ ಬಾಗಿಲು ಹಾಕಿತು.

ಹಾಗಾದರೆ ಬೀಗ ಸೋತಿತೇ? ಇಲ್ಲ ಸ್ವಾಮಿ, ಬೇರೆ ಬಾಗಿಲಿನಿಂದ ಒಳಗೆ ಬಂತು. ಇಂದು ಆ್ಯಪಿನಲ್ಲಿ ನೀವು ‘ಡೌನ್‌ಲೋಡ್’ ಮಾಡಿಕೊಂಡ ಸಿನಿಮಾ ನಿಮ್ಮ ಫೋನಿನಲ್ಲೇ ಇದ್ದರೂ ಬೀಗದ ಕೈ ಕಂಪನಿಯ ಬಳಿ. ಚಂದಾ ನಿಂತರೆ, ಅಥವಾ ಕಂಪನಿಯ ಹಕ್ಕಿನ ಅವಧಿ ಮುಗಿದರೆ, ಚಿತ್ರವೂ ಮಾಯ. ನಮ್ಮ ದೇಶದಲ್ಲೂ 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ.

ಕಲಾವಿದರಿಗೆ ದುಡ್ಡು ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಸಲ ಚಂದಾ ಕಟ್ಟುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನಿದನ್ನು ಕೊಳ್ಳುತ್ತಿದ್ದೇನೆಯೇ, ಬಾಡಿಗೆಗೆ ಪಡೆಯುತ್ತಿದ್ದೇನೆಯೇ? ಪರವೂರಿನಲ್ಲಿ ಬೆಳೆಯುವ ಮೊಮ್ಮಕ್ಕಳಿಗೆ ನೀವು ಕೇಳಿದ ಹಾಡನ್ನೇ ಕೇಳಿಸಬೇಕೆಂದರೆ, ಅಟ್ಟದ ಮೇಲಿನ ಆ ಹಳೆಯ ಕ್ಯಾಸೆಟ್ಟನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಅದಕ್ಕೆ ಯಾರ ಬೀಗವೂ ಇಲ್ಲ.